ಮೈದಾನಕ್ಕೆ ಬಾರದ ಕಾರ್ಯದರ್ಶಿ

ಬ್ಯಾಡಗಿಯಲ್ಲಿ ಯಾರ ಮನೆಯ ಮದುವೆಯಿರಲಿ, ಯಾವ ಪಕ್ಷದ ಸಭೆಯಿರಲಿ, ಮೈಕ್‌ಸೆಟ್ಟು ಮಾತ್ರ ಕರಬಸಪ್ಪನದೇ. ಬಸ್‌ಸ್ಟ್ಯಾಂಡಿನ ಎದುರಿಗೆ ಅವನ ಅಂಗಡಿ. ಮೈಕನ್ನು ಬಾಡಿಗೆಗೆ ಕೊಡುವವನೂ ಅವನೇ, ಅದರ ಮುಂದೆ ಕೂತು ಮಾತಾಡುವವನೂ ಅವನೇ. ಯಾರ ಹೆಸರಿನ ಹಿಂದೆ ಮುಂದೆ ಏನು ಹಚ್ಚಬೇಕು, ಎಷ್ಟು ಸಲ ಕೂಗಿದರೆ ಅವರ ಮುಖ ಅರಳುತ್ತದೆ ಎಂಬುದು ಹದಿನೈದು ವರ್ಷದ ಕಸುಬಿನಲ್ಲಿ ಅವನಿಗೆ ಕರಗತವಾಗಿತ್ತು.

ಹಾಗಾಗಿ 1988ರ ಮಳೆಗಾಲ ಮುಗಿದ ಮೇಲೆ ಯಂಗ್ ಸ್ಟಾರ್ ಫುಟ್‌ಬಾಲ್ ಕ್ಲಬ್ಬಿನ ಹೊಸ ಕಾರ್ಯದರ್ಶಿ ಫಕ್ರುದ್ದೀನಸಾಬರು ಕಳಿಸಿದ ಚೀಟಿಯನ್ನು ಅವನು ಎರಡೆರಡು ಸಲ ಓದಿದ. ಚೀಟಿಯಲ್ಲಿ ಇದ್ದದ್ದು ಎರಡೇ ಮಾತು. ಆಟಗಾರರ ಹೆಸರು ಹೇಳಿ, ನನ್ನ ಹೆಸರು ಹೇಳಬೇಡಿ. ಮೂರು ಹಾರ್ನು ಮಂದಿಯ ಕಡೆಗಿರಲಿ, ಒಂದು ಹಾರ್ನು ರೈಲ್ವೆ ಸ್ಟೇಷನ್ ಕಡೆಗೆ ಮುಖ ಮಾಡಿರಲಿ.

ಸ್ಟೇಷನ್ ಕಡೆಗೆ ಯಾಕೆ? ಅಲ್ಲಿ ಆಟ ನೋಡುವವರು ಯಾರಿದ್ದಾರೆ? ಮೈದಾನದ ಆ ಬದಿಗೆ ಜಾಲಿಗಿಡ, ಅದರಾಚೆ ಹಳಿ, ಪ್ಲಾಟ್‌ಫಾರ್ಮು, ಅಷ್ಟೆ. ಕರಬಸಪ್ಪನಿಗೆ ತಲೆಬುಡ ತಿಳಿಯಲಿಲ್ಲ. ಆದರೂ ಹೇಳಿದಂತೆ ಹಾರ್ನು ಕಟ್ಟಿದ.

ಕ್ಲಬ್ಬಿಗೆ ಅಧ್ಯಕ್ಷರೊಬ್ಬರು ಇದ್ದರು. ಅವರು ಉದ್ಘಾಟನೆಗೆ ಬಂದು ಚೆಂಡು ಒದ್ದು ಹೋಗುವವರು. ನಡೆಸುವುದೆಲ್ಲ ಕಾರ್ಯದರ್ಶಿ. ಯಾರು ಆಡಬೇಕು, ಯಾವ ಊರಿನ ಜೊತೆ ಯಾವಾಗ, ಬಸ್ಸು, ಬೂಟು, ರೆಫರಿಗೆ ಪತ್ರ, ಎಲ್ಲಾ ಅವನ ತಲೆಮೇಲೆ. ಮೊದಲು ಆ ಕೆಲಸದಲ್ಲಿದ್ದವರು ಮೆಣಸಿನಕಾಯಿ ದಲಾಲಿ ಪ್ರಭುಲಿಂಗಪ್ಪನವರು. ಅವರಿಗೆ ಗೆರೆಯ ಪಕ್ಕದಲ್ಲೇ ಕುರ್ಚಿ ಬೇಕು, ಅರ್ಧ ಆಟಕ್ಕೆ ಭಾಷಣ ಬೇಕು, ತಂಡದ ಫೋಟೋದಲ್ಲಿ ನಡುವಿನ ಜಾಗ ಬೇಕು. ಮೈಕಿನಲ್ಲಿ ಅವರ ಹೆಸರು ಬಾರದೆ ಹತ್ತು ನಿಮಿಷ ಕಳೆದರೆ ತಾವೇ ಕೆಮ್ಮಿ ನೆನಪು ಮಾಡುತ್ತಿದ್ದರು. ಮನುಷ್ಯ ಕೆಟ್ಟವರಲ್ಲ. ಆದರೆ ಎರಡು ಸಲ ಬಸ್ಸು ಹೇಳುವುದನ್ನೇ ಮರೆತು, ತಂಡ ರಾಣೇಬೆನ್ನೂರಿಗೆ ಮೆಣಸಿನಕಾಯಿ ಲಾರಿಯ ಮೇಲೆ ಸೀನುತ್ತ ಹೋದದ್ದು ಆಟಗಾರರಿಗೆ ಮರೆತಿರಲಿಲ್ಲ. ಅವರೇ ಕೂಡಿ ಗೋಣಿಚೀಲದ ವ್ಯಾಪಾರಿ ಫಕ್ರುದ್ದೀನಸಾಬರನ್ನು ಆರಿಸಿದ್ದರು.

ಹೊಸ ಕಾರ್ಯದರ್ಶಿ ಬಂದ ಮೇಲೆ ಬಸ್ಸು ಹೇಳಿದ ವೇಳೆಗೆ ಬಂತು. ಹರಿದ ಬೂಟು ಹೊಲಿಸಿ ಬಂದವು. ಹಾವೇರಿಯ ರೆಫರಿಗೆ ವಾರ ಮೊದಲೇ ಪತ್ರ ಹೋಯಿತು. ಆದರೆ ಆಟದ ದಿನ ಸಾಬರು ಮಾತ್ರ ಮೈದಾನದಲ್ಲಿ ಇಲ್ಲ. ಒಂದು ಆಟ ಹೋಯಿತು, ಎರಡಾಯಿತು, ಮೂರಾಯಿತು. ಚಾದಂಗಡಿಯಲ್ಲಿ ಇದೇ ಮಾತು.

"ಮುಖಾ ತೋರಸದಾಂವ ಎಂಥಾ ಕಾರ್ಯದರ್ಶಿರೀ? ಮಂದಿಗೆ ಕಾಣಬೇಕು. ನಾಳೆ ಏನರ ಆತಂದ್ರ ಯಾರನ್ನ ಹಿಡಕೊಂಡು ಕೇಳೋದು?" ಎಂದರು ಪ್ರಭುಲಿಂಗಪ್ಪನವರು.

ಮಾರ್ಕೆಟ್ ಯಾರ್ಡಿನಲ್ಲಿ ಹಮಾಲಿ ಮಾಡುತ್ತ, ತಂಡದಲ್ಲಿ ಫಾರ್ವರ್ಡ್ ಆಗಿ ಆಡುತ್ತಿದ್ದ ಡಾಕಪ್ಪ ಬಸಿಯಲ್ಲಿ ಚಹಾ ಸುರುವಿಕೊಳ್ಳುತ್ತ, "ಕಾಣ್ಲಿ ಬಿಡ್ಲಿ, ಬಸ್ಸರ ಕಾಣತೈತೆಲ್ರಿ," ಎಂದ.

ಎಲ್ಲರೂ ನಕ್ಕರು. ಕರಬಸಪ್ಪನೂ ನಕ್ಕ. ಆದರೆ ಅವನ ತಲೆಯಲ್ಲಿ ಹುಳ ಹೊಕ್ಕಿತ್ತು. ಹೆಸರು ಹೇಳು ಎಂದು ದುಂಬಾಲು ಬೀಳುವವರನ್ನು ಅವನು ಜನ್ಮವೆಲ್ಲ ಕಂಡಿದ್ದ. ಹೇಳಬೇಡ ಎಂದವರು ಇವರೊಬ್ಬರೇ. ದೊಡ್ಡ ಗುಣವೋ, ಸೊಕ್ಕೋ? ಇಲ್ಲಾ ಯಾವುದಾದರೂ ಭಯವೋ?

ನಾಲ್ಕನೆಯ ಆಟ ಹಾವೇರಿಯವರ ಜೊತೆಗಿತ್ತು. ಅರ್ಧ ಆಟದ ಬಿಡುವಿನಲ್ಲಿ ಅವನು ಒಂದು ರೆಕಾರ್ಡು ಹಚ್ಚಿ, ವೈರು ನೋಡುವ ನೆಪ ಮಾಡಿಕೊಂಡು ಜಾಲಿಗಿಡ ದಾಟಿ, ಸ್ಟೇಷನ್ ಹಾರ್ನಿನ ದಿಕ್ಕಿಗೇ ನಡೆದ. ಪ್ಲಾಟ್‌ಫಾರ್ಮಿನ ಕೊನೆಯ ಕಲ್ಲುಬೆಂಚಿನ ಮೇಲೆ, ಮೈದಾನಕ್ಕೆ ಬೆನ್ನು ಮಾಡಿ ಫಕ್ರುದ್ದೀನಸಾಬರು ಕೂತಿದ್ದರು. ಬಿಳಿ ಪೈಜಾಮ, ತಲೆಗೆ ಟೊಪ್ಪಿಗೆ, ಎರಡೂ ಕೈ ತೊಡೆಗಳ ಕೆಳಗೆ. ಪಕ್ಕದಲ್ಲಿ ಹೆಂಡತಿ ತಾಜಬಿ ಅವರೆಕಾಯಿ ಸುಲಿಯುತ್ತಿದ್ದಳು.

ಕರಬಸಪ್ಪನನ್ನು ಕಂಡು ಸಾಬರಿಗೆ ಗಲಿಬಿಲಿಯಾಯಿತು. ಆಮೇಲೆ ಸಾವರಿಸಿಕೊಂಡು ಅಂದರು: "ಬರ್ರಿ, ಚಲೋ ಆತು ಬಂದದ್ದು. ನೀವು ಚೆಂಡು ಡಾಕಪ್ಪಗ ಸಿಕ್ತು ಅಂತೀರಿ. ಯಾರ ಕೊಟ್ರು ಅನ್ನೂದ ಹೇಳೂದಿಲ್ಲ. ಯಾವ ಬದೀಲಿಂದ ಬಂತು ಅನ್ನೂದೂ ಹೇಳೂದಿಲ್ಲ. ನಮಗ ಹೆಂಗ ತಿಳೀಬೇಕ್ರಿ?"

"ಕಣ್ಣೀಲೆ ನೋಡಿದ್ರ ತಿಳೀತೈತೆಲ್ರಿ ಸಾಬ್ರ. ಇನ್ನೂರು ಹೆಜ್ಜಿ ಇಲ್ಲ."

ಸಾಬರು ಹಳಿಯ ಕಡೆ ನೋಡುತ್ತ ಕೂತರು. ತಾಜಬಿಯೇ ಬಾಯಿಬಿಟ್ಟಳು.

"ನಾ ಹೇಳ್ತೇನಿ ತಗೊಳ್ರಿ ಅಣ್ಣಾರ. ಇವರು ಮೊದಲ ರಾಣೇಬೆನ್ನೂರಾಗ ಇದ್ದಾಗ ಅಲ್ಲೂ ಇದ ಕೆಲಸ. ಗೆರಿ ಮ್ಯಾಲೆ ಕುರ್ಚಿ ಹಾಕ್ಕೊಂಡು ಕುಂದ್ರತಿದ್ರು. ಒಂದಿನ ರೆಫರಿ ಏನೋ ಸೀಟಿ ಹೊಡದ. ಇವರು ಎದ್ದು ಹೋಗಿ ಛತ್ರಿ ತಗೊಂಡು ಅವನ ತಲೀಗೆ ಹೊಡದ್ರು. ಛತ್ರಿ ಮುರೀತು."

"ತಲೀಗಲ್ಲ, ಭುಜಕ್ಕ," ಎಂದರು ಸಾಬರು ಮೆಲ್ಲಗೆ.

"ಭುಜಕ್ಕ. ಎರಡು ವರ್ಷ ತಂಡಾನ ಹೊರಗ ಹಾಕಿದ್ರು. ಹನ್ನೊಂದು ಮಂದಿ ಆಟಾ ಇಲ್ದ ಕುಂತ್ರು. ಒಬ್ಬನ ವಯಸ್ಸ ಮುಗದಹೋತು, ಮತ್ತ ಆಡಲೇ ಇಲ್ಲ."

"ಶಮಶೇರ," ಎಂದರು ಸಾಬರು. "ಅವನ ಎಡಗಾಲು ಹೆಂಗಿತ್ತು ಅಂತೀರಿ..." ತೊಡೆಗಳ ಕೆಳಗಿನ ಕೈಗಳನ್ನು ಇನ್ನಷ್ಟು ಒಳಗೆ ಒತ್ತಿಕೊಂಡರು. ಆಮೇಲೆ, "ಕೂತು ಕೆಲಸಾ ಮಾಡಾಕ ನನಗ ಬರತೈತಿ ಕರಬಸಪ್ಪನವರ. ಕೂತು ನೋಡಾಕ ಬರೂದಿಲ್ಲ. ಕಿವೀಲೆ ಕೇಳಿದ್ರ ತಡಕೋತೇನಿ," ಎಂದರು.

ಆವತ್ತು ಉಳಿದ ಅರ್ಧ ಆಟವನ್ನು ಕರಬಸಪ್ಪ ಹಿಂದೆಂದೂ ಹೇಳದ ಹಾಗೆ ಹೇಳಿದ. ಯಾರು ಕೊಟ್ಟರು, ಯಾರು ತಡೆದರು, ಚೆಂಡು ಗೋಲಿನ ಯಾವ ಬದಿಯ ಗೂಟಕ್ಕೆ ಎಷ್ಟು ಹತ್ತಿರ ಹೋಯಿತು, ಯಾವುದನ್ನೂ ಬಿಡಲಿಲ್ಲ. ಮೈದಾನದಲ್ಲಿದ್ದವರು, ನಮ್ಮ ಕಣ್ಣ ಮುಂದಿನದನ್ನೇ ಇವನೇಕೆ ಇಷ್ಟು ಬಿಡಿಸಿ ಹೇಳುತ್ತಾನೆ ಎಂದು ಮುಖ ಮುಖ ನೋಡಿಕೊಂಡರು. ಕಾರಣವನ್ನು ಅವನು ಯಾರಿಗೂ ಹೇಳಲಿಲ್ಲ. ಗುಟ್ಟು ಕಾಯ್ದುಕೊಳ್ಳುವುದು ಅವನ ಕಸುಬಿಗೆ ಹೊಸದು, ಆದರೂ ಕಾಯ್ದ.

ಡಿಸೆಂಬರಿನಲ್ಲಿ ಬ್ಯಾಡಗಿಯಲ್ಲೇ ಫೈನಲ್ ಬಂತು. ಎದುರಿಗೆ ರಾಣೇಬೆನ್ನೂರು. ಯಾರ್ಡಿನಲ್ಲಿ ಅಂದು ಮಧ್ಯಾಹ್ನಕ್ಕೇ ವ್ಯಾಪಾರ ನಿಂತಿತು. ಮೈಗೆಲ್ಲ ಮೆಣಸಿನಕಾಯಿ ಘಾಟು ಹೊತ್ತುಕೊಂಡೇ ಹಮಾಲರು ಬಂದರು. ಪ್ರಭುಲಿಂಗಪ್ಪನವರು ತಮ್ಮ ಕುರ್ಚಿಯನ್ನು ಮನೆಯಿಂದಲೇ ತರಿಸಿದ್ದರು. ರೆಫರಿ ಹಾವೇರಿಯ ಡ್ರಿಲ್ ಮಾಸ್ತರ ಇಸಾಕಸಾಬರು. ಸಣ್ಣ ಆಳು, ಸಿಟ್ಟಿನ ಮೂಗು, ಒಮ್ಮೆ ಹೇಳಿದರೆ ಮುಗಿಯಿತು.

ರಾಣೇಬೆನ್ನೂರಿನವರು ಒಂದು ಗೋಲು ಹೊಡೆದಿದ್ದರು. ಆಟ ಮುಗಿಯಲು ಎರಡೋ ಮೂರೋ ನಿಮಿಷ. ಬಲಬದಿಯಿಂದ ಬಂದ ಚೆಂಡನ್ನು ಡಾಕಪ್ಪ ಎದೆಯ ಮೇಲೆ ಇಳಿಸಿಕೊಂಡು ತಿರುಗಿ ಒದ್ದ. ಬಲೆ ಅಲುಗಾಡಿತು. "ಗೋಲ್!" ಎಂದು ಕರಬಸಪ್ಪ ಕೂಗಿದ. ನಾಲ್ಕೂ ಹಾರ್ನುಗಳು ಕೂಗಿದವು. ಅವನ ಕೂಗು ಮುಗಿಯುವ ಹೊತ್ತಿಗೆ ಗೆರೆಯ ಮೇಲಿನ ಬಾವುಟ ಮೇಲೆ ಎದ್ದಿದ್ದು ಅವನಿಗೆ ಕಂಡಿತು. ಸೀಟಿಯೂ ಕೇಳಿಸಿತು. ಆಫ್‌ಸೈಡ್. ಗೋಲು ಲೆಕ್ಕಕ್ಕಿಲ್ಲ.

ಆದರೆ ಮಂದಿ ಕೇಳಿದ್ದು ಹಾರ್ನಿನ ಮಾತು. ಮೊದಲು ಹತ್ತು ಜನ ಒಳಗೆ ನುಗ್ಗಿದರು, ಆಮೇಲೆ ನೂರು. ಇಸಾಕಸಾಬರ ಸುತ್ತ ಕೋಟೆ ಕಟ್ಟಿದಂತಾಯಿತು. ಇದ್ದೊಬ್ಬ ಪೊಲೀಸನ ಟೊಪ್ಪಿಗೆ ಎಲ್ಲೋ ಬಿತ್ತು. "ಮೈಕಿನ್ಯಾಗ ಗೋಲ್ ಅಂದಾರ!" ಎಂಬ ಮಾತು ಕರಬಸಪ್ಪನ ಕಿವಿಗೆ ಬಿತ್ತು. ಬೆಂಕಿ ಹಚ್ಚಿದವನು ತಾನೇ. ಅವನು ಮಂದಿಗೆ ಹಿಂದೆ ಸರಿಯಿರಿ ಎಂದ, ಕೈ ಮುಗಿದು ಕೇಳಿದ. ಯಾರೂ ಕೇಳಲಿಲ್ಲ. ಪ್ರಭುಲಿಂಗಪ್ಪನವರ ಕುರ್ಚಿ ಇತ್ತು, ಅವರು ಇರಲಿಲ್ಲ.

ಚೀಟಿಯ ಮಾತು ನೆನಪಾಯಿತು. ಆದರೂ ಮೈಕನ್ನು ಬಾಯಿಗೆ ಒತ್ತಿ ಹಿಡಿದು ಕೂಗಿದ: "ಫಕ್ರುದ್ದೀನಸಾಬ್ರ, ಲಗೂ ಬರ್ರಿ! ರೆಫರಿನ್ನ ಮುತ್ತಿಗಿ ಹಾಕ್ಯಾರ. ತಪ್ಪು ನಂದೈತಿ. ಬರ್ರಿ!"

ಜಾಲಿಗಿಡ ದಾಟಿ ಅವರು ಓಡಿಬಂದರು. ಒಂದು ಕಾಲಿಗೆ ಚಪ್ಪಲಿ ಇತ್ತು, ಇನ್ನೊಂದಕ್ಕೆ ಇರಲಿಲ್ಲ. ಮಂದಿಯನ್ನು ಭುಜದಿಂದ ಸೀಳುತ್ತ ನಡುವಿಗೆ ಹೋದರು. ಅಲ್ಲಿ ಡಾಕಪ್ಪ ರೆಫರಿಯ ಮುಂದೆ ಮುಷ್ಟಿ ಹಿಡಿದು ನಿಂತಿದ್ದ. ಸಾಬರು ಇಸಾಕಸಾಬರ ಕೈ ಹಿಡಿದುಕೊಂಡರು. ಎಳೆಯಲಿಲ್ಲ, ಬೈಯಲಿಲ್ಲ, ಸಂತೆಯಲ್ಲಿ ಅಣ್ಣ ತಮ್ಮನ ಕೈ ಹಿಡಿದಂತೆ ಹಿಡಿದು ಮೈಕಿನ ಮೇಜಿನ ಕಡೆ ನಡೆದುಕೊಂಡು ಬಂದರು. ಯಾರು ಈತ ಎಂದು ಎಷ್ಟೋ ಜನಕ್ಕೆ ಗೊತ್ತೇ ಇರಲಿಲ್ಲ. ಆ ಗೊಂದಲದಲ್ಲೇ ದಾರಿ ಬಿಟ್ಟರು.

ಇನ್ನೊಂದು ಕೈಯಿಂದ ಮೈಕು ಹಿಡಿದುಕೊಂಡರು.

"ನಾ ಫಕ್ರುದ್ದೀನ. ಈ ಕ್ಲಬ್ಬಿನ ಕಾರ್ಯದರ್ಶಿ. ಹತ್ತು ವರ್ಷದ ಹಿಂದ ರಾಣೇಬೆನ್ನೂರಾಗ ಒಬ್ಬ ರೆಫರಿಗೆ ನಾನ ಹೊಡದೇನಿ. ನನ್ನ ಕೈ ಮಾಡಿದ್ದಕ್ಕ ಆ ಹುಡುಗ್ರಿಗೆ ಎರಡು ವರ್ಷ ಆಟ ಹೋತು. ಡಾಕಪ್ಪಾ, ನಿನಗೂ ಹಂಗ ಆಗಬೇಕೇನು? ಸೀಟಿ ಹೊಡದ್ರು, ಮುಗೀತು. ಸೋತೇವಿ. ಯಾರಿಗೆ ಸಿಟ್ಟೈತಿ ಅವರು ನನ್ನ ಅಂಗಡೀಗೆ ಬಂದು ನನ್ನ ಬೈರಿ. ನಾಳೆ ಮುಂಜಾನೆಯಿಂದ ಅಲ್ಲೇ ಕುಂತಿರತೇನಿ."

ರಾಣೇಬೆನ್ನೂರಿನ ಆಟಗಾರರ ಗುಂಪಿನಲ್ಲಿ ಒಬ್ಬ ವಯಸ್ಸಾದವನು ಚಪ್ಪಾಳೆ ತಟ್ಟಿದ. ಅವನೊಬ್ಬನೇ ತಟ್ಟಿದ್ದು. ಉಳಿದವರು ಗೊಣಗುತ್ತ ಗೆರೆಯಾಚೆ ಸರಿದರು. ಉಳಿದೆರಡು ನಿಮಿಷ ಆಟ ನಡೆಯಿತು, ಬ್ಯಾಡಗಿ ಸೋತಿತು. ಸಾಬರು ಇಸಾಕಸಾಬರನ್ನು ಹಾವೇರಿ ಬಸ್ಸಿಗೆ ಹತ್ತಿಸುವ ತನಕ ಕೈ ಬಿಡಲಿಲ್ಲವಂತೆ.

ಮರುದಿನ ಬೈಯಲು ಬಂದವರು ಇಪ್ಪತ್ತು ಮೂವತ್ತು ಜನ. ಗೋಣಿಚೀಲದ ಅಟ್ಟಿಗಳ ನಡುವೆ ಕೂತು ಸಾಬರು ಎಲ್ಲರ ಮಾತು ಕೇಳಿದರು. ಮೊದಲು ಬಂದವನು ಕರಬಸಪ್ಪ. ಅವನು ಬಂದದ್ದು ತಪ್ಪೊಪ್ಪಿಕೊಳ್ಳಲು. "ಬಾವುಟ ನೋಡದ ಕೂಗಿದೆ," ಎಂದ. ಸಾಬರು ಅವನಿಗೆ ಒಂದು ಚೀಲ ಹಾಸಿಕೊಟ್ಟು, ಚಹಾ ತರಿಸಿದರು.

ಮುಂದಿನ ಭಾನುವಾರ ಅದೇ ಅಂಗಡಿಯಲ್ಲಿ ಸಭೆ ಸೇರಿತು. ಪ್ರಭುಲಿಂಗಪ್ಪನವರು ನೇರವಾಗಿ ಹೇಳಿದರು: "ನಾ ಅವತ್ತ ಅಂದಿದ್ದ ಖರೇ ಆತು. ಕಾರ್ಯದರ್ಶಿ ಕಾಣಬೇಕು. ಇವರ ಮೊದಲಿಂದ ಅಲ್ಲಿದ್ರ ಮಂದಿ ಒಳಗ ನುಗ್ಗತಿದ್ದಿಲ್ಲ. ಇವರಿಗೊಂದು ಕುರ್ಚಿ ಹಾಕ್ಸೋಣು."

"ಕುರ್ಚಿ ಹಾಕಿಸ್ಕೊಂಡಾವ್ರು ಅವತ್ತ ಎಲ್ಲಿದ್ರಿ?" ಎಂದ ಡಾಕಪ್ಪ. ಪ್ರಭುಲಿಂಗಪ್ಪನವರು ಕೆಮ್ಮಿದರು.

ಸಾಬರು ಕರಬಸಪ್ಪನ ಕಡೆ ತಿರುಗಿದರು. "ನೀವು ಊರಿನ ಎಲ್ಲಾರ್ನೂ ಮೈಕಿನ ಮುಂದ ನೋಡೀರಿ. ನೀವ ಹೇಳ್ರಿ, ನಾ ಎಷ್ಟು ಕಾಣಬೇಕು?"

ಕರಬಸಪ್ಪ ಯೋಚಿಸಿದ. ಮೂರು ತಿಂಗಳು ಅವನ ತಲೆ ತಿಂದ ಪ್ರಶ್ನೆಯೇ ಅದು. ದಿನಾ ಕಂಡವರು ಬೇಕಾದಾಗ ಮಾಯವಾಗಿದ್ದರು. ಕಾಣದವರು ಬಂದಾಗ ಮಂದಿಗೆ ಅವರ ಗುರುತೇ ಹತ್ತಲಿಲ್ಲ. ಇನ್ನೊಂದು ಗಳಿಗೆ ತಡವಾಗಿದ್ದರೆ ಇಸಾಕಸಾಬರ ಗತಿ? ಎರಡೂ ಪೂರಾ ಸರಿ ಅನಿಸಲಿಲ್ಲ. "ನನಗ ಗೊತ್ತಿಲ್ರಿ," ಎಂದ. "ಆಡಾವ್ರನ್ನ ಕೇಳೋಣು."

ಡಾಕಪ್ಪ ತಲೆ ಕೆರೆದುಕೊಂಡ. "ನಾವು ಆಡೂ ಮುಂದ ನಿಮ್ಮನ್ನ ಎಲ್ಲಿ ನೋಡ್ತೇವ್ರಿ, ಚೆಂಡ ನೋಡೂದ ಸಾಕಾಗತೈತಿ. ಆದ್ರ ಆಟಾ ಸುರು ಆಗೂ ಮೊದಲ ರೆಫರೀ ಜೋಡಿ ಎಲ್ಲಾರ ಮುಂದ ನಿಂತು ಚಹಾ ಕುಡೀರಿ. ಮಂದಿ ನಿಮ್ಮನ್ನ ಗುರತಾ ಹಿಡೀಲಿ. ಮುಗದ ಮ್ಯಾಲೆ, ಗೆಲ್ಲಲಿ ಸೋಲಲಿ, ಗೇಟಿನ್ಯಾಗ ನಿಂದರ್ರಿ. ನಡುವ ಬೇಕಾದ್ರ ಸ್ಟೇಷನ್‌ಕ ಹೋಗ್ರಿ."

ಎಲ್ಲರೂ ನಕ್ಕರು. ಹಾಗೇ ಆಯಿತು. ಮುಂದಿನ ವರ್ಷದಿಂದ ಫಕ್ರುದ್ದೀನಸಾಬರು ಆಟಕ್ಕೆ ಮೊದಲು ರೆಫರಿಯ ಜೊತೆ ಮೈದಾನದ ನಡುವೆ ನಿಂತು ಚಹಾ ಕುಡಿದರು, ಮಂದಿ ಅವರನ್ನು ಗುರುತು ಹಿಡಿದು ಸಲಾಮು ಮಾಡಿತು. ಸೀಟಿ ಊದಿದ ಕೂಡಲೇ ಅವರು ಜಾಲಿಗಿಡದ ಆಚೆ ಹೊರಟುಹೋಗುತ್ತಿದ್ದರು.

ಒಂದು ಸಂಜೆ ರಾಣೇಬೆನ್ನೂರಿನವರ ಜೊತೆಗಿನ ಆಟ ಮುಗಿದ ಮೇಲೆ ಗೇಟಿನ ಹತ್ತಿರ ವೈರು ಸುತ್ತುತ್ತ ಕರಬಸಪ್ಪ ತಡೆಯಲಾರದೆ ಕೇಳಿದ: "ಸಾಬ್ರ, ಅವತ್ತ ಇಸಾಕಸಾಬ್ರ ಕೈ ಹಿಡಕೊಂಡಾಗ ನಿಮಗ ಏನ ಅನಿಸಿತ್ರಿ?"

ಸಾಬರು ಆಚೀಚೆ ನೋಡಿ ದನಿ ತಗ್ಗಿಸಿದರು. "ಹೊಡೀಬೇಕು ಅನಿಸಿತ್ರಿ. ಅದಕ್ಕ ಅಷ್ಟು ಗಟ್ಟ್ಯಾಗಿ ಹಿಡದಿದ್ದೆ."

ಅಷ್ಟರಲ್ಲಿ ರಾಣೇಬೆನ್ನೂರಿನ ಆಟಗಾರರು ಹೊರಗೆ ಬಂದರು. ಸಾಬರು ಒಬ್ಬೊಬ್ಬರ ಕೈ ಕುಲುಕುತ್ತ, ಬಸ್ಸು ಎಲ್ಲಿ ನಿಂತಿದೆ ಎಂದು ತೋರಿಸತೊಡಗಿದರು.