ಬೋರಲು ಹಂಡೆ

ಹೊಸ್ತಿಲ ಪಕ್ಕ ಬೋರಲು ಹಾಕಿದ್ದ ಕಬ್ಬಿಣದ ಹಂಡೆಗೆ ಪಕ್ಕದ ಮನೆಯ ಮುದುಕ ಟೈಟಸ್ ಕೈ ಹಾಕಿದ್ದೇ ತಡ, ಕೆಜಾಯಾ ಅವನ ಮಣಿಕಟ್ಟು ಹಿಡಿದಳು.

“ಮುಟ್ಬೇಡ ಮಾವ. ಅಮ್ಮ ಇಟ್ಟಿದ್ದು.”

“ಹೆಣ ಎತ್ತೋ ಹೊತ್ತಾಯ್ತು. ಇದು ಬೋರಲಿದ್ರೆ ಜನ ಗಂಟಲು ಬಿಟ್ಟು ಹಾಡೋದು ಹೇಗೆ?”

ಒಳಗೆ ಅಮ್ಮ ಡಾರ್ಕಸಳ ಶವಪೆಟ್ಟಿಗೆಯ ಸುತ್ತ ಕೂತವರು ಪಿಸುದನಿಯಲ್ಲೇ ಕೀರ್ತನೆ ಹೇಳುತ್ತಿದ್ದರು. ಬೋರಲು ಹಾಕಿದ ಹಂಡೆ ಸದ್ದನ್ನು ಕುಡಿಯುತ್ತದೆ, ದೊರೆಗಳ ಕಿವಿಗೆ ಬೀಳಗೊಡುವುದಿಲ್ಲ. ಅಮೆರಿಕದ ಹೊಗೆಸೊಪ್ಪಿನ ತೋಟದಲ್ಲಿ ಗುಲಾಮರಾಗಿದ್ದಾಗ ಕಲಿತ ನಂಬಿಕೆ ಅದು. ಬಿಡುಗಡೆಯಾಗಿ ಟ್ರಿನಿಡಾಡಿಗೆ ಬಂದು, ಸ್ವಂತ ಭತ್ತ ಬೆಳೆದು, ಮೊಮ್ಮಕ್ಕಳನ್ನು ಕಂಡರೂ ಡಾರ್ಕಸ್ ಅದನ್ನು ಬಿಟ್ಟಿರಲಿಲ್ಲ. ಮಗಳು ಅತ್ತಾಗಲೆಲ್ಲ ಓಡಿಹೋಗಿ ಹಂಡೆ ಕವುಚುತ್ತಿದ್ದಳು. ತನ್ನ ಅಳು ಅಮ್ಮನಿಗೆ ನಾಚಿಕೆಯೆಂದು ತಿಳಿದು ಕೆಜಾಯಾ ಅಳುವುದನ್ನೇ ಬಿಟ್ಟಿದ್ದಳು. ಮಗಳು ಅಳದೆ ಅಲ್ಲಿ ಹೆಣ ಎತ್ತುವಂತಿಲ್ಲ. ಹೆಂಗಸರು ಕಾಯುತ್ತಿದ್ದರು. ಕೆಜಾಯಾಳ ಕಣ್ಣು ಒಣಗಿಯೇ ಇತ್ತು.

ಕೆಳಗಿನ ರಸ್ತೆಯಲ್ಲಿ ಕುದುರೆಯ ಗೊರಸಿನ ಸದ್ದು. ಹಾಡು ತಟ್ಟನೆ ನಿಂತಿತು. ಮುದುಕರೆಲ್ಲ ಬಾಗಿಲ ಕಡೆ ನೋಡಿದರು. ಗೊರಸು ದಾಟಿಹೋಯಿತು.

“ನೋಡ್ದ್ಯಾ ನಮ್ಮ ಪುಕ್ಕಲುತನಾನ,” ಎಂದು ಟೈಟಸ್ ಹೊಸ್ತಿಲ ಮೇಲೆ ಕುಸಿದು ಕೂತ. “ನಿಂಗೆ ಅವ್ಳು ದೋಣಿ ವಿಷಯ ಹೇಳೇ ಇಲ್ಲ ಅಲ್ವಾ?”

*

ಯುದ್ಧದ ಬೇಸಿಗೆ. ಅಮೆರಿಕದ ಶತ್ರುಗಳಾದ ಇಂಗ್ಲಿಷರ ಹಡಗು ಮುಟ್ಟಿದ ಗುಲಾಮನಿಗೆ ಬಿಡುಗಡೆ ಎಂಬ ಸುದ್ದಿ ಹಬ್ಬಿತ್ತು. ಮಂಜು ಕವಿದ ಬೆಳಗಿನಲ್ಲಿ ಟೈಟಸ್ ಕದ್ದ ದೋಣಿಗೆ ಹುಟ್ಟು ಹಾಕುತ್ತಿದ್ದ. ದಂಡೆಯ ಕಾವಲುಗಾರರು ಕೆಮ್ಮಿದರೂ ಕೇಳುವಷ್ಟು ಹತ್ತಿರ. ಆಗಲೇ ಡಾರ್ಕಸಳ ಮಡಿಲಲ್ಲಿ ಕೂಸು ಅತ್ತಿತು. ಅವಳು ಅಂಗೈಯಿಂದ ಬಾಯಿ ಮುಚ್ಚಿದಳು. ದಂಡೆ ಮರೆಯಾದರೂ ಆ ಕೈ ತೆಗೆಯಬೇಕೆಂಬುದು ಅವಳಿಗೆ ಹೊಳೆಯಲಿಲ್ಲ.

ಹಡಗು ಹತ್ತಿದಾಗ ಕೂಸು ಉಸಿರಾಡುತ್ತಿರಲಿಲ್ಲ. ನಾವಿಕನೊಬ್ಬ ಅದನ್ನು ತಲೆಕೆಳಗು ಹಿಡಿದು ಬೆನ್ನಿಗೆ ಬಡಿದ. ಬಡಿದ, ಬಡಿದ. ಕೊನೆಗೆ ಅತ್ತಿತು.

*

“ಆ ಕೂಸು ನೀನೇ. ಈ ಮಗೂಗೆ ಸುಮ್ನಿರು ಅಂತ ಇನ್ನು ಹೇಳಲ್ಲ ಅಂತ ಅವತ್ತೇ ಆಣೆ ಇಟ್ಲು,” ಎಂದ ಟೈಟಸ್. “ಭಯ ಮಾತ್ರ ಹೋಗ್ಲಿಲ್ಲ. ಅದಕ್ಕೇ ಹಂಡೆ. ನೀನು ಎಷ್ಟು ಬೇಕಾದ್ರೂ ಅತ್ಕೋ ಅಂತ ಕಣಮ್ಮ.”

ಹೌದು, ಅಮ್ಮ ಒಮ್ಮೆಯೂ ಅಳಬೇಡ ಎಂದವಳಲ್ಲ. ಹಂಡೆ ಕವುಚಿ ಬಂದು ಪಕ್ಕದಲ್ಲಿ ಕೂರುತ್ತಿದ್ದಳು, ತನ್ನ ಕೈಗಳನ್ನು ತೊಡೆಯ ಕೆಳಗೆ ಅದುಮಿಟ್ಟುಕೊಂಡು.

ಕೆಜಾಯಾ ಬಾಗಿದಳು. ಹಂಡೆಯನ್ನು ತಾನೇ ಎತ್ತಿ ನೆಟ್ಟಗೆ ಇಟ್ಟಳು. ಬಾಯಿ ತೆರೆದಳು. ಮೊದಲು ಬರೀ ಉಸಿರು ಬಂತು, ಆಮೇಲೆ ಅಳು. ಕೆಳಗೆ ಕಬ್ಬಿನ ತೋಟದಲ್ಲಿ ದೊರೆಯ ನಾಯಿಗಳು ಬೊಗಳತೊಡಗಿದವು.

ಅವಳು ನಿಲ್ಲಿಸಲಿಲ್ಲ.