ಶಶಿಕಿರಣ್ ಮಾತ್ರೆ ಬಿಟ್ಟದ್ದು

೧

ಎಲ್ಲಿಂದ ಶುರು ಮಾಡಲಿ? ಊರಿನ ಬೆಟ್ಟದ ವರ್ಣನೆಯಿಂದ ಮಾಡಿದರೆ ಚೆಂದ, ಆದರೆ ಈ ಕತೆ ಶುರುವಾಗುವುದು ಕಕ್ಕಸಿನಲ್ಲಿ. ಕೋಡಿಹಳ್ಳಿಯ ಶಶಿಕಿರಣ್‌ಗೆ ಕರುಳಿನಲ್ಲಿ ಹುಣ್ಣು; ಹೊತ್ತುಗೊತ್ತಿಲ್ಲದೆ ಕಕ್ಕಸಿಗೆ ಓಡಬೇಕು, ಜೊತೆಗೆ ರಕ್ತವೂ ಹೋಗುತ್ತಿತ್ತು. ಬಿಡದಿಯ ಫ್ಯಾಕ್ಟರಿಗೆ ಹೋಗುವ ದಾರಿಯಲ್ಲಿ ಯಾವ ಹೋಟೆಲಿನವರು ಕಕ್ಕಸಿನ ಬೀಗದ ಕೈ ಕೊಡುತ್ತಾರೆ, ಯಾರು ಮುಖ ಸಿಂಡರಿಸುತ್ತಾರೆ ಎಂಬುದೆಲ್ಲ ಅವನಿಗೆ ಬಾಯಿಪಾಠ. (ಮೂಗು ಮುಚ್ಚಿಕೊಂಡ ಓದುಗರು ಪುಟ ತಿರುಗಿಸಬಹುದು. ನಾನು ಬೇಜಾರು ಮಾಡಿಕೊಳ್ಳುವುದಿಲ್ಲ.)

೨

ಮಾತ್ರೆಯಿಂದ ಕಾಯಿಲೆ ಹತೋಟಿಗೆ ಬಂದಿತ್ತು. ಆದರೆ ಮದುವೆಯಾಗಿ ಮೂರು ವರ್ಷ ಕಳೆದರೂ ಮಗುವಾಗಲಿಲ್ಲ. ನಾನು ಬರೆದ ಮೊದಲ ಡ್ರಾಫ್ಟಿನಲ್ಲಿ ಅವನ ತಾಯಿ ಗಿರಿಜಾಂಬ ಸೊಸೆ ಹೇಮಶ್ರೀಯನ್ನು ಬಂಜೆ ಎಂದು ಬೈಯುತ್ತಿದ್ದರು. ಗಿರಿಜಾಂಬನವರೇ ಸೀದಾ ಬಂದು ತಡೆದರು.

"ನಾನ್ಯಾವಾಗಪ್ಪಾ ಬೈದೆ? ಇಬ್ರಿಗೂ ಒಸಿ ಉಷ್ಣ ಆಗೈತೆ ಅಂತ ಮಜ್ಜಿಗೆ ಕೊಟ್ಟೆ, ಅಷ್ಟೇಯ. ಸುಳ್ಳು ಬರೀಬ್ಯಾಡ."

ಆ ಸಾಲುಗಳನ್ನು ಹೊಡೆದುಹಾಕಿದೆ. ಆ ಬೈಗುಳಗಳು ಬಹಳ ಚೆನ್ನಾಗಿ ಬಂದಿದ್ದವು.

೩

ಆ ಮಾತ್ರೆಯಿಂದ ವೀರ್ಯಾಣು ಕಡಿಮೆಯಾಗಬಹುದು ಎಂದು ಶಶಿಕಿರಣ್ ಮೊಬೈಲಿನಲ್ಲಿ ಓದಿದ. ಯಾರಿಗೂ ಹೇಳದೆ ಬಿಟ್ಟುಬಿಟ್ಟ. ರಕ್ತ ಹೋಗುವುದು ಮತ್ತೆ ಶುರುವಾಯಿತು. ಮಾತ್ರೆ ನುಂಗುವಾಗ ಅವನ ಮೂತ್ರ ಅರಿಶಿಣದ ನೀರಿನಂತಿರುತ್ತಿತ್ತು. ಆ ಹಳದಿ ಮಾಯವಾದದ್ದು ಕಕ್ಕಸು ತೊಳೆಯುವ ಹೇಮಶ್ರೀಗೆ ಕಾಣದೆ ಇರುತ್ತದೆಯೇ?

"ಮಾತ್ರೆ ಯಾವಾಗ ಬುಟ್ರಿ?"

"ಯಾರಂದ್ರು?"

"ಕಕ್ಕಸ್ಸು ಹೇಳ್ತು."

(ಇಲ್ಲಿ ಅವಳು ಅಳಬೇಕೆಂದು ನನ್ನ ಪ್ಲಾನು. ಅಳಲಿಲ್ಲ. ಗಂಡನನ್ನು ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು.)

೪

ಡಾಕ್ಟರು ಮೊದಲು ಬೈದರು, ಆಮೇಲೆ ಬೇರೆ ಮಾತ್ರೆ ಬರೆದರು. ಹಳೆಯದರ ತೊಂದರೆ ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ಹೋಗುತ್ತದೆ, ಆದರೆ ಮಗುವಿಗೆ ಗ್ಯಾರಂಟಿ ಕೊಡಲಾರೆ ಎಂದರು. ಮನೆಗೆ ಬಂದ ಶಶಿಕಿರಣ್ ಹೊಸ ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡು ಕೂತ. ಹಗ್ಗ ಕಂಡರೂ ಹಾವೆಂದು ಬೆಚ್ಚುವ ಸ್ಥಿತಿ ಅವನದು.

"ಸಾರ್, ಮಗು ಆಯ್ತು ಅಂತ ಬರ್ದ್ಬುಡಿ," ಎಂದು ನನ್ನನ್ನೇ ಹಿಡಿದುಕೊಂಡ. "ಈಗ್ಲೇ ನುಂಗ್ತೀನಿ."

೫

ಮುಕ್ತಾಯ ಒಂದು: ಅವಳಿಜವಳಿ. ಮುಕ್ತಾಯ ಎರಡು: ಮಗುವಾಗುವುದಿಲ್ಲ, ಒಂದು ನಾಯಿಮರಿ ತರುತ್ತಾರೆ. ಮೂರನೆಯದನ್ನು ಬರೆಯುವಷ್ಟರಲ್ಲಿ ಹೇಮಶ್ರೀ ಪೆನ್ನು ಕಿತ್ತುಕೊಂಡಳು.

"ಯಾವ್ದೂ ಬ್ಯಾಡ ಸಾರ್." ಗಂಡನ ಕಡೆ ತಿರುಗಿದಳು. "ನಂಗೂ ಮಗು ಬೇಕು ಕಣ್ರೀ. ನೀವು ರಕ್ತ ಸುರಿಸ್ಕೊಂಡು ಕೊಡೋ ಮಗು ಬ್ಯಾಡ. ನುಂಗಿ."

ಅವನು ಅವಳ ಮುಖ ನೋಡಿದ. ನುಂಗಿದ. ಇವರಿಬ್ಬರ ಮೇಲೆ ನನಗೆ ಇಷ್ಟೊಂದು ಅಕ್ಕರೆ ಬಂದೀತೆಂದು ಅಂದುಕೊಂಡಿರಲಿಲ್ಲ. ಆಮೇಲೇನಾಯಿತೆಂದು ನಿಮಗೆ ಹೇಳಲೇಬೇಕಲ್ಲ, ಒಸಿ ಹತ್ತಿರಕ್ಕೆ ಬಗ್ಗಿದೆ.

"ನೀವಿನ್ನು ಹೊರಡಿ ಸಾರ್," ಎಂದಳು ಹೇಮಶ್ರೀ. "ರೂಮ್ ಬಾಗ್ಲು ಹಾಕ್ಕೋಬೇಕು."

ಮಟಮಟ ಮಧ್ಯಾಹ್ನ. ನಾನೂ ನೀವೂ ಹೊರಗೆ.