ಹಿಂದೆ ಬರುವವರು

ಸತ್ತ ಗಂಡನ ಗದ್ದದ ಕೆಳಗಿನಿಂದ ನೆತ್ತಿಯ ಮೇಲಕ್ಕೆ ಬಿಳಿ ಅರಿವೆಯ ಪಟ್ಟಿ ಸುತ್ತಿ ಅನ್ನವ್ವ ಗಂಟು ಬಿಗಿಯುತ್ತಿದ್ದಳು. ಬದುಕಿದ್ದಾಗ ಒಂದು ಗಳಿಗೆ ಸುಮ್ಮನಿರದ ಬಾಯಿ ಅದು. ಈಗಲೂ ಮುಚ್ಚಲೊಲ್ಲದೆ ತುಸು ತೆರೆದೇ ಇತ್ತು, ಇನ್ನೊಂದು ಮಾತು ಉಳಿದಿದೆ ಎನ್ನುವ ಹಾಗೆ. ಎರಡನೆಯ ಗಂಟು ಹಾಕುವಷ್ಟರಲ್ಲಿ ಅಂಗಳದಲ್ಲಿ ಚೌಡಪ್ಪ ಕೆಮ್ಮಿದ. ಆ ಕೆಮ್ಮಿಗೆ ಅವಳು ತಿರುಗಿ ನೋಡಿದಳು, ಗಂಟು ಸಡಿಲವಾಯಿತು.

ಚೌಡಪ್ಪನೆಂದರೆ ಸತ್ತ ಮೈಲಾರಪ್ಪನ ದೊಡ್ಡಪ್ಪನ ಮಗ, ಹಿರೇಬೆಂಡಿಗೇರಿಯ ಆ ಕೇರಿಗೆ ಹಿರಿಯ. ಈ ತಮ್ಮ ಮೈಲಾರಪ್ಪ ಏಸುವಿನ ದಾರಿ ಹಿಡಿದು ಉಪದೇಶಿಯಾದ ಮೇಲೆ ಈ ಮನೆಯ ಹೊಸ್ತಿಲು ತುಳಿದವನಲ್ಲ. ಇವತ್ತೂ ಒಳಗೆ ಬರಲಿಲ್ಲ. ಅಂಗಳದಲ್ಲಿ ಬಡಗಿ ಉಳಿವೆಪ್ಪ ಬೇವಿನ ಹಲಗೆಗಳನ್ನು ಕೂಡಿಸಿ ಶವದ ಪೆಟ್ಟಿಗೆ ಹೊಡೆಯುತ್ತಿದ್ದುದನ್ನು ನೋಡುತ್ತ ನಿಂತ.

"ಅನ್ನವ್ವಾ, ಎಲ್ಲಿಗೆ ಒಯ್ಯಾವ್ರದೀರಿ?"

"ಹಳ್ಳದ ದಂಡಿಗರಿ ಬಾವಾರ. ಅತ್ತಿ ಮಾವಾನೂ ಅಲ್ಲೇ ಅದಾರಲ್ಲ."

"ಅಲ್ಲೇ ತ್ರಾಸ ಆಗೈತಿ ನೋಡು. ಕೇರಿ ಹುಡುಗ್ರು ಬಂದು ಅಗಸಿ ಬಾಗಲದಾಗ ಕುಂತಾರ. ದುರಗವ್ವನ್ನ ಬಿಟ್ಟ ಹ್ವಾದಾಂವಗ ಅಲ್ಲಿ ಮಣ್ಣ ಕೊಟ್ರ ಆಕಿ ಮುನಿತಾಳ, ಕೇರಿಗೆ ಬ್ಯಾನಿ ಬರತೈತಿ ಅಂತಾರ. ನನ್ನ ಮಾತ ಯಾರ ಕೇಳ್ತಾರ ಈಗ?" ಅವನು ದನಿ ತಗ್ಗಿಸಿದ. "ಮಂದಿ ಬಾಳ ಕೂಡಿದ್ರ ಕೈ ಮಾಡೂದಿಲ್ಲ. ಕಡಿಮಿ ಇದ್ರ ಹಾದ್ಯಾಗ ಪೆಟಗಿ ಇಳಸ್ತಾರ. ಎಷ್ಟ ಮಂದಿ ಬರಾವ್ರದಾರ?"

ಅನ್ನವ್ವ ಬಾಯಿ ಬಿಡುವ ಮೊದಲೇ ಪಕ್ಕದ ಮನೆಯ ಸುಶೀಲವ್ವ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು. ಮೈಲಾರಪ್ಪನ ಮಾತು ಕೇಳಿ ಮೊಟ್ಟಮೊದಲು ದೀಕ್ಷಾಸ್ನಾನ ಪಡೆದವಳು ಅವಳೇ.

"ಎಷ್ಟ ಮಂದಿ ಅಂತ ಕೇಳ್ತೀರೇನ್ರಿ? ಹುಲಗೂರಾಗ ನಮ್ಮ ಸಭಾದ್ದು ನಲವತ್ತ ಮನಿ ಅದಾವು. ದುಂಡಸಿಯೊಳಗ ಇನ್ನೂ ಹೆಚ್ಚ. ಮುಂಜಾನಿ ಬಸ್ಸಿನ ಕಂಡಕ್ಟರ್‍ನ ಕೈಯಾಗ ಎರಡೂ ಊರಿಗೆ ಸುದ್ದಿ ಕೊಟ್ಟ ಕಳಿಸೇವಿ. ಮಧ್ಯಾಹ್ನ ಹೊಳ್ಳೂದ್ರಾಗ ಈ ಓಣಿ ಸಾಲೂದಿಲ್ಲ, ನೋಡಕೋತ ಇರ್ರಿ."

ಚೌಡಪ್ಪ ಅವಳನ್ನೊಮ್ಮೆ ನೋಡಿ, "ಹಂಗಾದ್ರ ಛಲೋ ಆತು. ಇಲ್ಲಾ ಅಂದ್ರ ಟ್ರ್ಯಾಕ್ಟರ್ ಮಾಡಿ ಹುಬ್ಬಳ್ಳಿಗೆ, ನಿಮ್ಮಾವ್ರ ಮಸಣಕ್ಕ ಒಯ್ದಬಿಡ್ರಿ, ಹೊಡದಾಟ ಬ್ಯಾಡ," ಎಂದು ಹೊರಟುಹೋದ.

ಸುಶೀಲವ್ವನ ಮುಖದಲ್ಲಿ ಗೆದ್ದ ಕಳೆಯಿತ್ತು. ಅನ್ನವ್ವ ಮಾತ್ರ ಸತ್ತವನ ಮಗ್ಗುಲಿಗೇ ಕುಸಿದು ಕುಳಿತಳು. ಹುಲಗೂರಿನಲ್ಲಿ ನಲವತ್ತು ಮನೆಗಳಿಲ್ಲ. ದುಂಡಸಿಯಲ್ಲೂ ಇಲ್ಲ. ಅದು ಗೊತ್ತಿದ್ದವರು ಇಬ್ಬರೇ, ಅವರಲ್ಲಿ ಒಬ್ಬ ಬಾಯಿ ಕಟ್ಟಿಸಿಕೊಂಡು ಮಲಗಿದ್ದ.

*

ಮೈಲಾರಪ್ಪ ಹುಟ್ಟಾ ಅಂಜುಬುರುಕ. ನಾಯಿಗೆ ಅಂಜುತ್ತಿದ್ದ, ಗೌಡರ ಕಟ್ಟೆಗೆ ಅಂಜುತ್ತಿದ್ದ, ಗುಡುಗಿದರೆ ಕೌದಿ ಹೊದ್ದುಕೊಳ್ಳುತ್ತಿದ್ದ. ಇಂಥವನ ತಲೆಗೆ ಊರೂರಿಗೆ ಹೋಗಿ ಸಭೆ ಕಟ್ಟುವ ಕೆಲಸವನ್ನು ದೇವರು ಯಾಕೆ ಕಟ್ಟಿದನೋ ಅವನಿಗೇ ಗೊತ್ತು. ಹಳೆಯ ಸೈಕಲ್ಲೊಂದರ ಮೇಲೆ ಹುಲಗೂರು, ದುಂಡಸಿ ಎಂದು ತಿರುಗಿದ. ಎರಡೂ ಕಡೆ ಒಂದೆರಡು ಮನೆ ಅವನ ಮಾತು ಕೇಳಿದವು. ಕೇಳಿದ್ದೇ ತಡ, ಅವರಿಗೆ ಕೇರಿಯ ಬಾವಿ ಬಂದಾಯಿತು, ಮದುವೆಯ ಕರೆ ನಿಂತಿತು.

ಅವನು ಒಂದು ರೂಢಿ ಹಾಕಿಕೊಟ್ಟಿದ್ದ. ಒಲೆ ಹೊತ್ತಿಸುವ ಮುಂಚೆ ಮನೆಯ ಹೆಂಗಸು ಒಂದು ಹಿಡಿ ಜೋಳ ತೆಗೆದು ಬೇರೆ ಗಡಿಗೆಗೆ ಹಾಕಬೇಕು. ಒಂದು ಊರಿನ ಹಿಡಿಜೋಳ ಇನ್ನೊಂದು ಊರಿನಲ್ಲಿ ಕಷ್ಟಕ್ಕೆ ಸಿಕ್ಕ ಮನೆಗೆ ಹೋಗಬೇಕು. ಮುಖ ನೋಡದವರು ಒಬ್ಬರ ರೊಟ್ಟಿ ಒಬ್ಬರು ತಿಂದರೆ ಬಳಗವಾಗುತ್ತಾರೆ ಎಂಬುದು ಅವನ ಲೆಕ್ಕ.

ಮನೆಯ ಸ್ವಂತ ಜೋಳ ಯಾಕೋ ಬೇಗ ತೀರುತ್ತಿದೆ ಎಂದು ಅನ್ನವ್ವನಿಗೆ ಅನುಮಾನ ಬಂದದ್ದು ಆಗಲೇ. ಒಂದು ದಿನ ನೋಡುತ್ತಾಳೆ, ಗಂಡ ದುಂಡಸಿಯ ಸಣ್ಣ ಗಂಟಿನ ಜೋಳವನ್ನು ಚೀಲಕ್ಕೆ ಸುರಿದು, ಮೇಲೆ ತಮ್ಮ ಗಡಿಗೆಯದನ್ನೂ ಸುರಿಯುತ್ತಿದ್ದಾನೆ. ತಾನೂ ಬರುತ್ತೇನೆಂದು ಹಟ ಹಿಡಿದು ಕ್ಯಾರಿಯರ್ ಮೇಲೆ ಕುಳಿತು ಹುಲಗೂರಿಗೆ ಹೋದಳು. ಅಲ್ಲಿ ಹುಣಸೆಮರದಡಿ ಕಾಯುತ್ತಿದ್ದವರನ್ನು ಎಣಿಸುವುದಕ್ಕೆ ಒಂದು ಕೈಯ ಬೆರಳುಗಳು ಸಾಕಾಗಿದ್ದವು. ಗಂಡ ಅವರ ಮುಂದೆ ತುಂಬಿದ ಚೀಲ ಇಳಿಸಿ, "ದುಂಡಸಿ ಸಭಾದಾವ್ರು ಕಳಿಸ್ಯಾರ. ನಲವತ್ತ ಮನಿ ಹಿಡಿಜೋಳ. ನಿಮ್ಮ ಹೆಸರ ಹಿಡದು ಪ್ರಾರ್ಥನಾ ಮಾಡ್ತಾರ ಅವ್ರು," ಎಂದ. ಆ ಹೆಂಗಸರ ಮುಖ ಅರಳಿದ್ದನ್ನು ಅನ್ನವ್ವ ಕಣ್ಣಾರೆ ಕಂಡಳು. ಕಂಡು ಇನ್ನಷ್ಟು ಸಿಟ್ಟಾದಳು.

ಬರುವ ದಾರಿಯಲ್ಲಿ ಬೈದಳು. "ದೇವರ ಮಾತ ಹೇಳಾವ್ರು ಹಿಂಗ ಹಸೀ ಸುಳ್ಳ ಹೇಳ್ತಾರೇನ್ರಿ?"

"ಸುಳ್ಳಲ್ಲ. ಇನ್ನೂ ಆಗಿಲ್ಲ, ಅಷ್ಟ." ಸೈಕಲ್ಲು ತುಳಿಯುತ್ತಲೇ ಅವನು ಹೇಳಿದ. "ತಾ ಒಬ್ಬಾಂವನ ಅದೇನಿ ಅಂತ ಗೊತ್ತಾದ್ರ ಮನಶ್ಯಾ ಬಾಳ ಅಂಜತಾನ, ಅನ್ನವ್ವಾ. ಅದು ನನಗ ಗೊತ್ತೈತಿ."

ಮುಂದೆ ಬೇಲಿಯ ಹತ್ತಿರ ಏನೋ ಸರಿದಾಡಿತು. ಅವನು ಗಂಟೆ ಬಾರಿಸಿದ. ಅಂಜಿಕೆಯಾದಾಗಲೆಲ್ಲ ಸೈಕಲ್ಲಿನ ಗಂಟೆ ಬಾರಿಸುವುದು ಅವನ ಚಾಳಿ.

"ಹಾದ್ಯಾಗ ಒಂದ ನರಪಿಳ್ಳಿ ಇಲ್ಲ. ಯಾರಿಗ್ರಿ ಬಾರಸ್ತೀರಿ?"

"ನನಗ," ಎಂದ.

*

ಮಧ್ಯಾಹ್ನದ ಬಸ್ಸಿಗೆ ಹುಲಗೂರಿನವರು ಬಂದರು. ಮುಂದೆ ಯಂಕವ್ವ, ಬಾಯಿಜೋರಿನ ಗಟ್ಟಿ ಹೆಂಗಸು, ಸಂತೆಯಲ್ಲಿ ಒಣಮೀನು ಮಾರುವವಳು. ಅವಳ ಹಿಂದೆ ಸೊಸೆ, ನೆರೆಮನೆಯ ಗಂಡಹೆಂಡತಿ. ಅಷ್ಟೇ. ಯಂಕವ್ವ ಬಂದವಳೇ ಶವದ ಕಾಲು ಹಿಡಿದು ಎದೆ ಬಡಿದುಕೊಂಡು ಅತ್ತಳು. ಅತ್ತು ಮುಗಿದ ಮೇಲೆ ಕಣ್ಣೊರೆಸಿಕೊಂಡು ಸುತ್ತ ನೋಡಿದಳು.

ಸುಶೀಲವ್ವ ಅಗಸಿಯ ಕಡೆಗೆ ಕತ್ತು ಚಾಚುತ್ತಲೇ ಇದ್ದಳು. "ಉಳದಾವ್ರು ಹಿಂದಿನ ಬಸ್ಸಿಗೆ ಬರಾಕತ್ತಾರೇನವಾ?" ಎಂದು ಕೇಳಿದಳು.

"ಯಾರು?"

ಅನ್ನವ್ವ ನೀರಿನ ತಂಬಿಗೆ ಎತ್ತಿಕೊಂಡು ನಡುವೆ ಬಂದಳು. "ಬಿಸಲಾಗ ಬಂದಾರ, ಮದ್ಲ ನೀರ ಕುಡೀಲಿ ತಡಿ," ಎಂದಳು. ತಂಬಿಗೆಯ ನೀರು ತುಳುಕಿ ಅವಳ ಪಾದದ ಮೇಲೆ ಬಿತ್ತು. ಗಂಡ ಹೋದ ದುಃಖಕ್ಕೆ ಇವತ್ತು ಪುರುಸೊತ್ತೇ ಇರಲಿಲ್ಲ. ಆ ಜಾಗವನ್ನೆಲ್ಲ ಅಂಜಿಕೆಯೇ ತಿಂದುಬಿಟ್ಟಿತ್ತು.

ಹಳ್ಳದ ದಂಡೆಗೆ ಗುಂಡಿ ತೋಡಲು ಹೋಗಿದ್ದ ಸುಶೀಲವ್ವನ ಮನೆಯವರು ಬಂದರು. ಅಗಸಿಯಲ್ಲಿ ಹುಡುಗರು ಹೆಚ್ಚಾಗಿದ್ದಾರೆ, ಬಸ್ಸಿಳಿದು ಬರುವವರನ್ನೇ ನೋಡುತ್ತ ಕುಳಿತಿದ್ದಾರೆ ಎಂದರು. ಹುಬ್ಬಳ್ಳಿಯ ಪಾದ್ರಿ ಅಯ್ಯನವರು ಮಂಗಳೂರಿಗೆ ಹೋಗಿದ್ದಾರೆ, ಇವತ್ತು ಬರಲಾರರು ಎಂಬ ಸುದ್ದಿಯೂ ಅದರ ಬೆನ್ನಿಗೇ ಬಂತು.

*

ಹೋದ ಕ್ರಿಸ್ಮಸ್ಸಿನಲ್ಲಿ ಸುಶೀಲವ್ವ ಹಟ ಹಿಡಿದಿದ್ದಳು, ಮೂರೂ ಊರಿನ ಸಭೆ ಒಂದೇ ಕಡೆ ಕೂಡಬೇಕು ಎಂದು. ಮೈಲಾರಪ್ಪ ಜಾಗ ಸಾಲುವುದಿಲ್ಲ ಎಂದ, ಅಡುಗೆಗೆ ಕೊಪ್ಪರಿಗೆ ಇಲ್ಲ ಎಂದ, ಕೊನೆಗೆ ಒಂದೊಂದು ಊರಿಗೆ ಒಂದೊಂದು ದಿನ ಹಬ್ಬ ಮಾಡಿಸಿ ಪಾರಾದ.

ಅವತ್ತು ಅನ್ನವ್ವ ಕೇಳಿದ್ದಳು, "ಎಷ್ಟ ದಿನಾ ಅಂತ ತಪ್ಪಸ್ತೀರಿ? ಒಂದಿಲ್ಲೊಂದ ದಿನಾ ಎಲ್ಲಾರೂ ಕೂಡತಾರಲ್ಲ."

"ಕೂಡಿದಾಗ ನಾ ಇರ್ತೇನಲ್ಲ," ಎಂದಿದ್ದ ಅವನು, ಕೌದಿಯೊಳಗಿಂದ. "ಏನರ ಹೇಳ್ತೇನಿ."

*

ದುಂಡಸಿಯ ಗುತ್ತೆಪ್ಪ ಬಂದದ್ದು ಬಿಸಿಲು ಇಳಿದ ಮೇಲೆ. ಹಲ್ಲಿಲ್ಲದ ಮುದುಕ, ಜೊತೆಗೆ ಮಗ, ಸೊಸೆ, ಸೊಸೆಯ ಅಣ್ಣ. ಜಗಲಿಯ ಮೇಲೆ ಕೋಲು ಒರಗಿಸಿ, "ತಡಾ ಆತು, ತಪ್ಪ ತಿಳಕೋಬ್ಯಾಡ್ರಿ. ಹುಲಗೂರಾವ್ರು ಎಲ್ಲಿ ಇಳಕೊಂಡಾರ? ಅಷ್ಟ ಮಂದೀಗೆ ಇಲ್ಲೆ ನೆಳ್ಳೂ ಸಾಲೂದಿಲ್ಲಲ್ಲ," ಎಂದ.

"ನಾವ ಹುಲಗೂರಾವ್ರು," ಎಂದಳು ಯಂಕವ್ವ. "ನೀವ್ಯಾರು?"

"ದುಂಡಸಿಯಾವ್ರು."

"ಉಳದಾವ್ರೆಲ್ಲಿ?"

"ನಾವ ಎಲ್ಲಾರೂ," ಎಂದ ಗುತ್ತೆಪ್ಪ.

ಉಳಿವೆಪ್ಪನ ಸುತ್ತಿಗೆ ನಿಂತಿತು. ಯಂಕವ್ವ ಸುಶೀಲವ್ವನನ್ನು ನೋಡಿದಳು, ಸುಶೀಲವ್ವ ಗುತ್ತೆಪ್ಪನನ್ನು ನೋಡಿದಳು, ಆಮೇಲೆ ಎಲ್ಲರೂ ಅನ್ನವ್ವನನ್ನು ನೋಡಿದರು. ಬೆಳಗಿನಿಂದ ಯಾವುದಕ್ಕೆ ಅಂಜಿ ಸಾಯುತ್ತಿದ್ದಳೋ ಅದು ಬಂದು ಎದುರಿಗೇ ನಿಂತಿತ್ತು.

"ನಲವತ್ತ ಮನಿ ಎಲ್ಲೂ ಇಲ್ಲವಾ," ಎಂದಳು ಅನ್ನವ್ವ. ದನಿ ಅವಳದೆಂದು ಅವಳಿಗೇ ಗುರುತು ಸಿಗಲಿಲ್ಲ. "ನೀವ ಇದ್ದದ್ದು. ಚೀಲದಾಗಿನ ಜೋಳಾ ಅರ್ಧ ನಮ್ಮ ಗಡಗೀದು."

ಯಂಕವ್ವನ ಮುಖ ಕೆಂಪೇರಿತು. "ನನ್ನ ಮೈದ್ನ ನನ್ನ ಮನಿ ಹೊರಗ ಹಾಕಿದ. ಬಾವಿಗೆ ಕೊಡಾ ಇಳಿಸಗೊಡ್ಲಿಲ್ಲ. ದುಂಡಸಿಯೊಳಗ ನಲವತ್ತ ಮನಿಯಾವ್ರು ಇದನ್ನೆಲ್ಲಾ ತಡಕೊಂಡಾರ, ನಾನೂ ತಡಕೋತೇನಿ ಅಂತ ಹಲ್ಲ ಕಚ್ಚಿ ಕುಂತೆ. ಯಾರ್ನ ನಂಬಿ ಕುಂತಿದ್ನೆವಾ ನಾ?"

"ನನ್ನ," ಎಂದ ಗುತ್ತೆಪ್ಪ ಮೆಲ್ಲಗೆ. "ನಾ ನಿನ್ನ ನಂಬಿ ಕುಂತಿದ್ದೆ."

"ನಾ ನಿಮ್ಮಿಬ್ರನ್ನೂ," ಎಂದಳು ಸುಶೀಲವ್ವ. ಹಾಗೆಂದವಳೇ ಮುಖಕ್ಕೆ ಸೆರಗು ಒತ್ತಿಕೊಂಡು ಬಿಕ್ಕಿದಳು. "ಮುಂಜಾನಿ ಚೌಡಪ್ಪಗ ಏನ ಹೇಳಿ ಕಳಿಸಿದ್ನೋ ಯಪ್ಪಾ! ಈಗ ಪೆಟಗಿ ಇಳಸ್ತಾರ. ಹೊಡೀತಾರ."

ಗುತ್ತೆಪ್ಪನ ಮಗ ಚಪ್ಪಲಿ ಹುಡುಕುತ್ತಿದ್ದುದು ಅನ್ನವ್ವನ ಕಣ್ಣಿಗೆ ಬಿತ್ತು. ಮುಗಿಯಿತು, ಇನ್ನು ಒಬ್ಬೊಬ್ಬರಾಗಿ ಎದ್ದು ಬಸ್ಸು ಹಿಡಿಯುತ್ತಾರೆ, ಮುಂದಿನ ಭಾನುವಾರ ಯಾವ ಊರಿನಲ್ಲೂ ಯಾರೂ ಕೂಡುವುದಿಲ್ಲ, ಎಂದುಕೊಂಡಳು. ಇಷ್ಟು ವರ್ಷ ಸೈಕಲ್ಲು ತುಳಿದ ಕಾಲುಗಳು ಬಿಳಿ ಅರಿವೆಯೊಳಗೆ ತೆಪ್ಪಗಿದ್ದವು.

ಯಂಕವ್ವ ಎದ್ದು ಸತ್ತವನ ತಲೆಯ ಹತ್ತಿರ ಹೋದಳು. ಸೊಂಟದ ಮೇಲೆ ಕೈಯಿಟ್ಟುಕೊಂಡು ಬಹಳ ಹೊತ್ತು ಅವನ ಮುಖ ನೋಡಿದಳು. "ಕೇಳಬೇಕಂದ್ರ ಬಾಯಿ ಕಟಿಗೊಂಡ ಮಲಗ್ಯಾನ ನೋಡು, ಕಳ್ಳ," ಎಂದಳು. ಅವಳ ತುಟಿ ಅದುರಿತು. ಅದು ಅಳುವೋ ನಗುವೋ ಅನ್ನವ್ವನಿಗೆ ತಿಳಿಯಲಿಲ್ಲ.

"ಉಳಿವೆಪ್ಪಾ, ಈ ಓಣಿ ಅಗಸೀತನಾ ನೆಟ್ಟಗ ಐತೇನು?"

"ಇಲ್ಲಬೇ. ಎರಡ ಕಡೆ ತಿರುವ ಅದಾವು. ಇಕ್ಕಟ್ಟ ಬ್ಯಾರೆ."

"ಅಂದ್ರ ಅಗಸ್ಯಾಗ ಕುಂತಾವ್ರಿಗೆ ಸಾಲಿನ ಬಾಲಾ ಕಾಣೂದಿಲ್ಲ, ಎಷ್ಟ ಮಂದಿ ಅಂತ ತಿಳಿಯೂದಿಲ್ಲ." ಅವಳು ಸೀರೆಯ ನೆರಿಗೆ ಎತ್ತಿ ಕಟ್ಟಿದಳು. "ಕೇಳ್ರಿಲ್ಲೆ. ಹೆಗಲ ಕೊಡಾವ್ರು ಮುಂದ. ಉಳದಾವ್ರು ಗುಂಪಾಗಿ ಹೋಗಬ್ಯಾಡ್ರಿ, ಒಬ್ರ ಹಿಂದ ಒಬ್ರು, ದೂರ ದೂರ. ಮುಂದಿನಾಂವ ತಿರುವಿನಾಗ ಮರೆ ಆದಮ್ಯಾಲ ಹಿಂದಿನಾಂವ ಹೆಜ್ಜಿ ಕೀಳ್ಬೇಕು. ಮುಂದಿನಾವ್ರು ಹಾಡಿದ ಸಾಲು ಮುಗದಮ್ಯಾಲ ಹಿಂದಿನಾವ್ರು ಎತಗೋರಿ. ಇಲ್ಲಾಂದ್ರ ಒಂದ ದನಿಯಾಗಿ ಕೇಳತೈತಿ."

"ಕಂಡ ಹಿಡದ್ರ?" ಎಂದ ಗುತ್ತೆಪ್ಪನ ಮಗ.

"ಕಂಡ ಹಿಡದ್ರ ಹೊಡೀತಾರ. ನಿನಗೊಬ್ಬನಿಗೇನೂ ಅಲ್ಲ, ಎಲ್ಲಾರಿಗೂ."

ಅವನು ಚಪ್ಪಲಿಯನ್ನು ಅಲ್ಲೇ ಬಿಟ್ಟು ಬಂದು ಪೆಟ್ಟಿಗೆಯ ಒಂದು ಮೂಲೆ ಹಿಡಿದು ನಿಂತ.

ಶವವನ್ನು ಪೆಟ್ಟಿಗೆಗೆ ಇಳಿಸಿದ ಮೇಲೆ ಗುತ್ತೆಪ್ಪ ನಡುಗುವ ದನಿಯಲ್ಲಿ ಪ್ರಾರ್ಥನೆ ಮಾಡಿದ. ಹೇಗೆ ಮುಗಿಸಬೇಕೆಂದು ತಿಳಿಯದೆ ಎರಡು ಸಲ ಆಮೆನ್ ಎಂದ. ಪೆಟ್ಟಿಗೆ ಎದ್ದಿತು. ಮೈಲಾರಪ್ಪ ಮೂರೂ ಊರಿಗೆ ಕಲಿಸಿದ್ದ ಹಾಡನ್ನು ಯಂಕವ್ವ ಎತ್ತಿಕೊಂಡಳು. ಒಬ್ಬೊಬ್ಬರಾಗಿ ಓಣಿಗೆ ಇಳಿದರು. ಮುಂದಿನ ದನಿ ತಿರುವಿನಾಚೆ ಮರೆಯಾಗುವಷ್ಟರಲ್ಲಿ ಅಂಗಳದಿಂದ ಇನ್ನೊಂದು ದನಿ ಏಳುತ್ತಿತ್ತು.

ಎಲ್ಲರೂ ಹೋದ ಮೇಲೆ ಅನ್ನವ್ವ ಉಳಿದಳು. ಕೊನೆಗೆ ಬರುವವಳು ಅವಳೇ. ಗೋಡೆಗೆ ಒರಗಿದ್ದ ಸೈಕಲ್ಲನ್ನು ಯಾಕೆ ತೆಗೆದುಕೊಂಡಳೋ, ಹಿಡಿದುಕೊಳ್ಳಲು ಏನಾದರೊಂದು ಬೇಕಾಗಿತ್ತು. ಅದನ್ನು ನೂಕುತ್ತ ನಡೆದಳು. ಮೊದಲ ತಿರುವು ದಾಟಿದಾಗ ಮುಂದೆ ಸುಶೀಲವ್ವನ ಬೆನ್ನು ಕಂಡಿತು, ಎರಡನೆಯ ತಿರುವಿನಲ್ಲಿ ಅದೂ ಕಾಣಲಿಲ್ಲ. ಬಾಗಿಲ ಸಂದಿಗಳಲ್ಲಿ ಕಣ್ಣುಗಳಿದ್ದವು. ಅವಳು ಹ್ಯಾಂಡಲ್ಲನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ಇಂಥ ಅಂಜಿಕೆ ಹೊತ್ತುಕೊಂಡು ಈ ಮನುಷ್ಯ ಅಷ್ಟೆಲ್ಲ ದಾರಿ ಹೇಗೆ ತುಳಿದ ಎಂದು ಮೊದಲ ಸಲ ಅವಳಿಗೆ ಕರುಳು ಕಿವುಚಿತು. ಕಣ್ಣು ತುಂಬಿ ದಾರಿ ಮಂಜಾಯಿತು.

ಅಗಸಿಗೆ ಬಂದಳು. ಹುಡುಗರು ಎದ್ದು ನಿಂತಿದ್ದರು. ಒಬ್ಬನ ಕೈಯಲ್ಲಿ ಬಡಿಗೆಯಿತ್ತು. ಪೆಟ್ಟಿಗೆ ಆಗಲೇ ಹಳ್ಳದ ಇಳಿಜಾರಿನಲ್ಲಿತ್ತು, ಹಾಡು ಅಲ್ಲಿಂದಲೂ ಕೇಳುತ್ತಿತ್ತು, ನಡುದಾರಿಯಿಂದಲೂ ಕೇಳುತ್ತಿತ್ತು. ಹುಡುಗರು ಇಳಿಜಾರನ್ನು ನೋಡಿದರು, ಓಣಿಯ ತಿರುವನ್ನು ನೋಡಿದರು. ಅವರ ಮುಂದೆ ಚೌಡಪ್ಪ ನಿಂತಿದ್ದ.

"ಹಿಂದ ಇನ್ನೂ ಅದಾರೇನವಾ?" ಎಂದು ಕೇಳಿದ.

ಅನ್ನವ್ವ ತಿರುಗಿ ನೋಡಲಿಲ್ಲ.

"ಅದಾರ್‍ರಿ ಬಾವಾರ. ಬರಾಕತ್ತಾರ."

ಬಡಿಗೆ ಹಿಡಿದವನು ಗೋಡೆಯ ಕಡೆಗೆ ಸರಿದು ದಾರಿ ಬಿಟ್ಟ. ಅನ್ನವ್ವ ಸೈಕಲ್ಲು ನೂಕುತ್ತ ಅವರ ನಡುವಿನಿಂದ ಇಳಿಜಾರಿಗೆ ಇಳಿದಳು. ಅವಳ ಹೆಬ್ಬೆರಳು ತಾನಾಗಿಯೇ ಗಂಟೆಯ ಮೇಲೆ ಹೋಯಿತು. ಟ್ರಿಣ್ ಟ್ರಿಣ್ ಎಂದು ಬಾರಿಸಿದಳು, ಮತ್ತೊಮ್ಮೆ ಬಾರಿಸಿದಳು. ಅವಳ ಹಿಂದೆ ಓಣಿಯಲ್ಲಿ ಒಂದು ಕೋಳಿ ಮಣ್ಣು ಕೆದರುತ್ತಿತ್ತು, ಮತ್ತೆ ಯಾರೂ ಇರಲಿಲ್ಲ.